ಆಸ್ಪತ್ರೆ ಕೇಳಿದ ಒಂದು ಪಂಪು

ಕಾರ್ಖಾನೆಯಲ್ಲಿ ವಕೀಲೆಯನ್ನು ಬೆನ್ನ ಹಿಂದೆ ಎಲ್ಲರೂ ‘ಬೇಡಮ್ಮ’ ಎಂದೇ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಅಲ್ಲಿ ತಯಾರಾಗುತ್ತಿದ್ದುದು ಗಾಳಿಯನ್ನು ಪೂರ್ತಿ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪು. ಔಷಧ ಮಾಡುವವರಿಗೂ ಅದು ಬೇಕು, ಬಾಂಬು ಮಾಡುವವರಿಗೂ ಬೇಕು. ಹೊರದೇಶದಿಂದ ಆರ್ಡರ್ ಬಂದಾಗಲೆಲ್ಲ ಕೊಳ್ಳುವವರು ಯಾರು, ಪಂಪು ಕೊನೆಗೆ ಯಾರ ಕೈ ಸೇರುತ್ತದೆ, ಸರ್ಕಾರದ ಪರವಾನಗಿ ಬೇಕೇ ಎಂದು ನೋಡಿ, ಕಳಿಸಬಹುದು ಅಥವಾ ಬೇಡ ಎನ್ನುವುದು ಅವಳ ಕೆಲಸ. ಆ ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೆ ಇದ್ದುದಕ್ಕೆ ಯಾರೂ ಭೇಷ್ ಅನ್ನುವುದಿಲ್ಲ. ಹಾಗೇ ವರ್ಷಗಳು ಸವೆದು, ಈಚೆಗೆ ಬೆಳಿಗ್ಗೆ ಲಿಫ್ಟಿನ ಗುಂಡಿ ಒತ್ತುವಾಗಲೇ ಅವಳಿಗೆ ಆಯಾಸವಾಗುತ್ತಿತ್ತು.

ಒಂದು ಸೋಮವಾರ ಸೇಲ್ಸ್ ಮ್ಯಾನೇಜರ್ ಬಂದು ಕಾಗದಗಳನ್ನು ಅವಳ ಮೇಜಿನ ಮೇಲಿಟ್ಟ.

“ಕ್ಯಾನ್ಸರ್ ಆಸ್ಪತ್ರೆ ಮೇಡಂ. ರೇಡಿಯೇಷನ್ ಕೊಡೋ ಯಂತ್ರದ ಪಂಪು ಸುಟ್ಟುಹೋಗಿದೆಯಂತೆ. ಇದಕ್ಕೂ ಬೇಡ ಅನ್ನಲ್ಲ ತಾನೆ?”

“ಓದೋಕಾದ್ರೂ ಬಿಡಿ,” ಎಂದಳು ಅವಳು.

ಆಸ್ಪತ್ರೆ ಇದ್ದದ್ದು ಸರ್ಕಾರ ಅನುಮಾನದ ಕಣ್ಣಿಟ್ಟಿದ್ದ ದೇಶವೊಂದರಲ್ಲಿ. ಆರ್ಡರ್ ಬಂದಿದ್ದು ಮಾತ್ರ ನೇರವಾಗಿ ಅಲ್ಲಿಂದಲ್ಲ, ಬೇರೆ ದೇಶದ ಬಂದರಿನಲ್ಲಿ ಕೂತಿದ್ದ ದಲ್ಲಾಳಿಯಿಂದ. ಅವನು ಕೇಳಿದ್ದು ಆರು ಪಂಪು. ಅವಳು ಅವನು ಕೊಟ್ಟಿದ್ದ ನಂಬರು ಬಿಟ್ಟು, ಆಸ್ಪತ್ರೆಯ ನಂಬರನ್ನು ತಾನೇ ಹುಡುಕಿ ಫೋನ್ ಮಾಡಿದಳು. ಆ ವಿಭಾಗದ ಮುಖ್ಯಸ್ಥೆ, ವಯಸ್ಸಾದ ಡಾಕ್ಟರಮ್ಮ, ಎತ್ತಿಕೊಂಡರು.

“ಆರಾ? ನಮ್ಮ ಹತ್ರ ಇರೋದೇ ಒಂದು ಯಂತ್ರ ವಕೀಲರೇ. ಅದಕ್ಕೆ ಬೇಕಾಗಿರೋದು ಒಂದು ಪಂಪು. ಆರು ತಗೊಂಡು ಉಪ್ಪಿನಕಾಯಿ ಹಾಕೋದಾ?”

ಉಳಿದ ಐದು ಎಲ್ಲಿಗೆ ಹೊರಟಿದ್ದವು ಎಂದು ಡಾಕ್ಟರಮ್ಮನನ್ನು ಕೇಳಿ ಪ್ರಯೋಜನವಿರಲಿಲ್ಲ. ವಕೀಲೆ ಆರ್ಡರ್ ತಡೆದು, ಕಾನೂನು ಹೇಳುವಂತೆ ರಫ್ತು ನಿಯಂತ್ರಣ ಕಚೇರಿಗೆ ದಲ್ಲಾಳಿಯ ವಿಷಯ ತಿಳಿಸಿದಳು. ಕಚೇರಿ ತನಿಖೆ ಶುರು ಮಾಡಿತು. ಅದು ಮುಗಿಯುವವರೆಗೆ ಆ ಆಸ್ಪತ್ರೆಯ ಹೆಸರಿಗೆ ಏನೂ ಹೋಗಕೂಡದು ಎಂದು ಆದೇಶ ಬಂತು.

“ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯ್ತು,” ಎಂದ ಮ್ಯಾನೇಜರ್. “ಐದು ನಿಲ್ಲಿಸೋಕೆ ಹೋಗಿ ಆರನ್ನೂ ನಿಲ್ಲಿಸಿದ್ರಿ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಆದೇಶವನ್ನು ಫೈಲಿಗೆ ಸೇರಿಸಿದಳು.

ಕೆಲವು ದಿನ ಬಿಟ್ಟು ಡಾಕ್ಟರಮ್ಮ ತಾವೇ ಫೋನ್ ಮಾಡಿದರು. ಓಡಾಡಬಲ್ಲ ರೋಗಿಗಳನ್ನು ಬಸ್ಸಿನಲ್ಲಿ ದೂರದ ಊರಿಗೆ ಕಳಿಸುತ್ತಿದ್ದರಂತೆ. ಎದ್ದು ಕೂರಲಾಗದವರಿಗೆ ಆ ದಾರಿಯೂ ಇರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ.

“ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಅವತ್ತು ನಾನು ಹೂಂ, ಆರೇ ಬೇಕು ಅಂದಿದ್ರೆ, ನಮ್ಮ ಪಂಪು ಇಷ್ಟೊತ್ತಿಗೆ ಬಂದಿರ್ತಿತ್ತು ಅಲ್ವಾ?”

ಇಂಥ ಪ್ರಶ್ನೆಗೆ ಹೇಳಲು ಕಾನೂನಿನ ಉತ್ತರಗಳು ಬೇಕಾದಷ್ಟಿದ್ದವು. ಅವಳು, “ಬಂದಿರ್ತಿತ್ತೇನೋ ಡಾಕ್ಟರೇ,” ಎಂದಷ್ಟೇ ಹೇಳಿದಳು.

“ನಿಜ ಹೇಳಿದವಳು ನಾನು, ಅನುಭವಿಸೋರು ನನ್ನ ಪೇಷಂಟುಗಳು. ಇರಲಿ, ನೀವೂ ಏನು ಮಾಡ್ತೀರಿ.”

ಆ ಸಂಜೆ ಮನೆಯಲ್ಲಿ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಸೊಸೆಯ ಮುಖ ನೋಡಿದರು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು.

“ಬಾಗಿಲು ಹಾಕೋಕೆ ಬರುತ್ತಲ್ಲಮ್ಮ ನಿಂಗೆ, ತೆಗೆಯೋಕೆ ಬರಲ್ವಾ?”

“ಕೀಲಿ ನನ್ನ ಹತ್ರ ಇಲ್ಲ ಅತ್ತೆ.”

“ಯಾರ ಹತ್ರ ಇದೆಯೋ ಅವರ ಜೀವ ತಿನ್ನು. ನಮ್ಮ ಜೀವ ತಿಂತೀಯಲ್ಲ, ಹಾಗೇ.”

ವಕೀಲೆ ನಕ್ಕಳು. ಆದರೂ ಮರುದಿನ ನಿಯಂತ್ರಣ ಕಚೇರಿಗೆ ಹೋದಳು. ನೆಲಕ್ಕೆ ಬೋಲ್ಟು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಕೆಟ್ಟುನಿಂತ ಟೋಕನ್ ಯಂತ್ರ, ಒಳಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದ ಅಧಿಕಾರಿ. ಅವನೂ ತನ್ನಷ್ಟೇ ಬಳಲಿದ್ದಾನೆ ಅನ್ನಿಸಿತು ಅವಳಿಗೆ.

“ಆ ಒಂದು ಪಂಪು ಆಸ್ಪತ್ರೆಯಲ್ಲೇ ಇರುತ್ತೆ ಅಂತ ಎದೆ ತಟ್ಟಿ ಹೇಳ್ತೀರಾ ಮೇಡಂ?”

“ಇಲ್ಲಿ ಕೂತು ಹೇಳೋಕಾಗಲ್ಲ ಸರ್. ದಲ್ಲಾಳಿ ಬೇಡ. ನಮ್ಮವರೇ ಪಂಪಿನ ಜೊತೆ ಹೋಗ್ಲಿ. ಯಂತ್ರಕ್ಕೆ ಕೂರಿಸಿ, ಸುಟ್ಟಿರೋದನ್ನ ವಾಪಸ್ ತರ್ಲಿ. ಆಮೇಲೂ ಆಗಾಗ ಹೋಗಿ ನೋಡ್ಕೊಂಡು ಬರ್ಲಿ.”

“ಯಾರು ಹೋಗ್ತಾರೆ?”

ಅವಳು ಕೇಳದೆ ಗೀಳದೆ ಸೇಲ್ಸ್ ಮ್ಯಾನೇಜರನ ಹೆಸರು ಬರೆಸಿದಳು.

ಪರವಾನಗಿ ಕೂಡಲೇ ಸಿಗಲಿಲ್ಲ. ಆ ಅಧಿಕಾರಿಗೆ ವರ್ಗವಾಗಿ, ಹೊಸಬನಿಗೆ ಅ ಆ ಇ ಈಯಿಂದ ಹೇಳಬೇಕಾಯಿತು. ಅವಳು ಹೋಗುತ್ತಲೇ ಇದ್ದಳು. ಬಾಗಿಲ ಕಾವಲುಗಾರ ಅವಳನ್ನು ಕಂಡರೆ ಊಟ ಆಯ್ತಾ ಎಂದು ಕೇಳುವಷ್ಟು ಬಳಕೆಯಾಯಿತು. ಡಾಕ್ಟರಮ್ಮನ ಫೋನುಗಳು ಕಡಿಮೆಯಾಗಿ, ಆಮೇಲೆ ನಿಂತೇಹೋದವು. ಚಳಿಗಾಲ ಮುಗಿಯುವ ಹೊತ್ತಿಗೆ, ಅವಳು ಆಸೆ ಬಿಟ್ಟಿದ್ದಾಗ, ಒಂದು ಪಂಪಿಗೆ ಅನುಮತಿ ಬಂತು.

ಮ್ಯಾನೇಜರ್ ಗೊಣಗುತ್ತಲೇ ಹೋದ. ತಿರುಗಿ ಬಂದವನು ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ.

“ಯಂತ್ರ ಶುರುವಾಯ್ತು. ಮೊದಲ ದಿನವೇ ಕಾರಿಡಾರ್ ತುಂಬ ಜನ, ಗೋಡೆಗೆ ಒರಗಿಕೊಂಡು ಕಾಯ್ತಿದ್ರು. ಡಾಕ್ಟರಮ್ಮ ಆಸ್ಪತ್ರೆಯೆಲ್ಲ ತೋರಿಸಿದ್ರು. ಎದ್ದು ಕೂರಲಾಗದವರ ವಾರ್ಡಲ್ಲಿ ಅರ್ಧ ಹಾಸಿಗೆ ಖಾಲಿ ಇತ್ತು. ಇಷ್ಟು ಜನ ಕಾಯ್ತಿರುವಾಗ ಯಾಕೆ ಖಾಲಿ ಅಂತ ಕೇಳಿದೆ. ಕೇಳಬಾರದಿತ್ತು.”

“ನನ್ನ ಬಗ್ಗೆ ಏನಾದ್ರೂ ಅಂದ್ರಾ?”

“ವಕೀಲರಿಗೆ ಸ್ವಲ್ಪ ರೆಸ್ಟ್ ತಗೊಳ್ಳೋಕೆ ಹೇಳಿ, ಅವರ ದನಿ ಕೇಳಿದ್ರೆ ನಂಗೇ ಸುಸ್ತಾಗುತ್ತೆ ಅಂದ್ರು.”

ಅವಳಿಗೆ ನಗು ಬಂತು. ನಗುತ್ತಿದ್ದಂತೆಯೇ ಕಿಟಕಿಯ ಕಡೆ ತಿರುಗಿ ಕೂತಳು. ಮ್ಯಾನೇಜರ್ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳತ್ತ ಸರಿಸಿದ.

ಬಂದರಿನ ದಲ್ಲಾಳಿ ಅಂಗಡಿಗೆ ಬೀಗ ಹಾಕಿ ನಾಪತ್ತೆಯಾದ ಎಂದು ಆಮೇಲೆ ತಿಳಿಯಿತು. ಆ ಐದು ಪಂಪು ಅವನಿಗೆ ಬೇರೆ ಎಲ್ಲಾದರೂ ದಕ್ಕಿದವೋ, ಇವಳು ತಡೆದದ್ದರಿಂದ ಎಲ್ಲಿ ಯಾರು ಬದುಕುಳಿದರೋ, ಅದು ಯಾರಿಗೂ ಗೊತ್ತಾಗಲಿಲ್ಲ. ಉಳಿದಿದ್ದರೆ ಅವರಿಗೂ ಗೊತ್ತಿರಲಾರದು.

ಮ್ಯಾನೇಜರ್ ಬಂದು ಹೇಳಿದ ದಿನವೇ ಅವಳು ಅರ್ಧ ದಿನ ರಜೆ ಹಾಕಿ ಮನೆಗೆ ಬಂದು, ಸೀರೆಯನ್ನೂ ಬದಲಿಸದೆ ಸೋಫಾದ ಮೇಲೆ ಅಡ್ಡಾದಳು. ಕಣ್ಣು ಹತ್ತುತ್ತಿದ್ದಾಗ ಅವಳ ಫೋನು ರಿಂಗಾಯಿತು. ಅತ್ತೆ ಅಡುಗೆಮನೆಯಿಂದ ಬಂದು ಎತ್ತಿಕೊಂಡರು.

“ಮಲಗಿದಾಳೆ ಕಣಪ್ಪ. ಅರ್ಜೆಂಟ್ ಇದ್ರೆ ಇರ್ಲಿ, ನಾಳೆ ಆಫೀಸಿಗೆ ಬರ್ತಾಳಲ್ಲ, ಆಗ ಹೇಳು.”

ಯಾರು ಎಂದು ಕೇಳಬೇಕೆನ್ನಿಸಿತು ಅವಳಿಗೆ. ಕೇಳದೆ, ಮಗ್ಗುಲಾಗಿ ದಿಂಬನ್ನು ತಬ್ಬಿಕೊಂಡಳು.