ಎರಡನೆಯ ಸಮಾಧಿ ಪ್ರಾರ್ಥನೆ

ದೀಕ್ಷಾಸ್ನಾನಕ್ಕೆ ನೀರು ಚಿಮುಕಿಸಬೇಕೋ ನೀರಲ್ಲಿ ಮುಳುಗಿಸಬೇಕೋ ಎಂದು ಎಪ್ಪತ್ತು ವರ್ಷ ಎಣ್ಣೆ ಸೀಗೆಕಾಯಿಯಂತಿದ್ದ ಎರಡು ಚರ್ಚ್ ಸಭೆಗಳು, ನಮ್ಮದು ಮತ್ತು ಕೆಳಬೀದಿಯದು, ಒಂದಾಗುವುದೆಂದು ತೀರ್ಮಾನವಾಯಿತು. ನೀರಿನ ವಿಚಾರ ಇನ್ನೂ ಬಗೆಹರಿದಿಲ್ಲ. ನಮ್ಮ ಪಾಸ್ಟರನ್ನು ತೆಗೆಯುವ ವಿಚಾರ ಒಂದೇ ಮಧ್ಯಾಹ್ನದಲ್ಲಿ ಬಗೆಹರಿಯಿತು. ಅವರು ಒಬ್ಬ ಗಂಡಸಿನ ಜೊತೆ ಸಂಸಾರ ಮಾಡುತ್ತಾರೆ. ಎರಡು ವರ್ಷದ ಹಿಂದೆ ಭಾನುವಾರದ ಆರಾಧನೆಯಲ್ಲಿ ಅವರೇ ಅದನ್ನು ಹೇಳಿದ್ದರು. ನಮ್ಮವರು ಆಗ ಚಪ್ಪಾಳೆಯನ್ನೂ ತಟ್ಟಿದ್ದರು.

ಅಂದಿನಿಂದ ಅವರು ನಡೆಸಿದ್ದೆಲ್ಲ ಅಸಿಂಧು, ಮತ್ತೆ ಮಾಡಿಸಬೇಕು ಎಂಬುದು ಕೆಳಬೀದಿಯವರ ಷರತ್ತು. ಹನ್ನೊಂದು ಮಕ್ಕಳ ದೀಕ್ಷಾಸ್ನಾನ, ನಾಲ್ಕು ಮದುವೆ, ಒಂದು ಸಮಾಧಿ. ಸಮಾಧಿ ನನ್ನ ಗಂಡನದು.

ನಮ್ಮ ಸಭೆಯ ಹಿರಿಯರೊಬ್ಬರು ಒಪ್ಪಿಗೆ ಪತ್ರ ಹಿಡಿದು ಮನೆಗೆ ಬಂದರು. ಮೈಕು ಸಿಕ್ಕರೆ ಬಿಡದ ಅವರಿಗೆ ನನ್ನ ಗಂಡ ‘ಮೈಕಪ್ಪ’ ಎಂದು ಹೆಸರಿಟ್ಟಿದ್ದ.

“ಗಾಬರಿಯಾಗ್ಬೇಡಮ್ಮ, ಅಗೆಯೋದೇನಿಲ್ಲ. ಮೇಲೆ ನಿಂತು ಒಂದು ಪ್ರಾರ್ಥನೆ, ಅಷ್ಟೇ.”

“ಹೋದ ಸಲ ಮಾಡಿದ್ದು ಏನಾಯ್ತು?”

“ಅದು ದೇವರಿಗೆ ತಲುಪಿಲ್ಲ ಅಂತ ಅವರ ವಾದ.”

“ಯಾಕೆ, ರಸೀದಿ ಬಂದಿಲ್ವಾ?”

“ಎಲ್ಲಾದಕ್ಕೂ ಇವಳದೊಂದು ಕಾಲೇಜು ಮಾತು,” ಎಂದರು ಅತ್ತೆ.

“ಆಸ್ಪತ್ರೇಲಿ ಹತ್ತೊಂಬತ್ತು ದಿನ ಬಂದು ಕೂತೋರು ಆ ಪಾಸ್ಟರೇ, ಅತ್ತೆ. ನಿಮ್ಮ ಮಗನ ತುಟಿಗೆ ಹತ್ತೀಲಿ ನೀರು ಹಚ್ಚಿದೋರು ಅವರೇ. ಇವರು ಬಂದಿದ್ರಾ?”

“ಬರೋಣ ಅಂತಲೇ ಇದ್ವಿ,” ಎಂದರು ಹಿರಿಯರು.

ಅತ್ತೆ ಅವರ ಕಡೆ ನೋಡಲಿಲ್ಲ. “ಒಳ್ಳೇವ್ನೇ ಕಣೇ, ಇಲ್ಲ ಅಂದೋರ್ಯಾರು? ಆದ್ರೆ ನಾಳೆ ನಾನೂ ನನ್ನ ಮಗನ ಪಕ್ಕ ಮಲಗ್ಬೇಕು. ಸ್ಮಶಾನ ಕೆಳಬೀದಿಯೋರ ಕೈಗೆ ಹೋಗತ್ತೆ. ನೀನು ಹಟ ಹಿಡಿದ್ರೆ ನನ್ನ ಎಲ್ಲಿ ಹಾಕ್ತೀಯ?”

ಹಿರಿಯರು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ನಾನು ಮುಟ್ಟಲಿಲ್ಲ.

ಹಿರಿಯರು ಪತ್ರವನ್ನು ಅತ್ತೆಯ ಕಡೆ ತಿರುಗಿಸಿದರು. “ತಾಯಿ ಸಹಿ ಆದ್ರೂ ನಡೆಯತ್ತೆ.”

ನಡೆಯಿತು.

ಶನಿವಾರ ಬೆಳಿಗ್ಗೆ ಅತ್ತೆ ಸ್ಮಶಾನಕ್ಕೆ ಹೋದರು. ನಾನು ಪಾಸ್ಟರ ಮನೆಗೆ ಹೋದೆ. ಸಭೆ ಕೊಟ್ಟ ಮನೆ, ಸಂಜೆಯೊಳಗೆ ಖಾಲಿ ಮಾಡಬೇಕಿತ್ತು. ಅವರ ಸಂಗಾತಿ ಪುಸ್ತಕದ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು. ನಾನು ಪಾಸ್ಟರ ಪಕ್ಕ ಕೂತು ತಟ್ಟೆಗಳಿಗೆ ಹಳೆಯ ಪೇಪರ್ ಸುತ್ತತೊಡಗಿದೆ.

“ನೀವು ಈಗ ಅಲ್ಲಿರಬೇಕಿತ್ತಲ್ವಾ?” ಪಾಸ್ಟರ್ ಕೇಳಿದರು.

“ನನ್ನ ಗಂಡನ್ನ ಮಣ್ಣು ಮಾಡಿ ಆಗಿದೆ.”

ಸ್ವಲ್ಪ ಹೊತ್ತಿಗೆ ಸ್ಮಶಾನದ ಕಡೆಯಿಂದ ಪ್ರಾರ್ಥನೆಯ ಗಂಟೆ ಕೇಳಿಸಿತು. ಪಾಸ್ಟರ್ ತಟ್ಟೆ ಕೆಳಗಿಟ್ಟು ತಲೆ ಬಾಗಿಸಿದರು.

“ಅವರ ಪ್ರಾರ್ಥನೆಗೆ ನೀವ್ಯಾಕೆ ತಲೆ ಬಾಗಿಸ್ಬೇಕು?” ಎಂದೆ.

“ಅದು ನಿಮ್ಮ ಗಂಡನಿಗಲ್ವಾ?”

ನಾನು ಇನ್ನೊಂದು ತಟ್ಟೆ ತೆಗೆದುಕೊಂಡೆ.