ನಲವತ್ತನೇ ನಮೂನೆ

ಬಿದಿರು ಸೀಳುತ್ತಿದ್ದ ಮಂಜ ಕತ್ತಿಯನ್ನು ಅರ್ಧಕ್ಕೇ ಬಿಟ್ಟು, ಸ್ಕೂಟರಿನಿಂದ ಇಳಿದ ರಘುಪತಿಯತ್ತ ನೋಡಿದ. "ನಿಮಗೂ ಸುದ್ದಿ ಮುಟ್ತಾ ಹೆಗಡೇರೆ? ದೇವಕ್ಕ ಬೆಳಿಗ್ಗೆ ಹೋಗ್ಬಿಡ್ತು."

ಸುದ್ದಿ ಮುಟ್ಟಿರಲಿಲ್ಲ. ರೇಡಿಯೊ ರಿಪೇರಿಯ ರಘುಪತಿ ಶಿರಸಿಯಿಂದ ಸಿದ್ದಾಪುರಕ್ಕೆ ಬಂದದ್ದು, ಊರೆಲ್ಲ ದೇವಕ್ಕ ಎನ್ನುತ್ತಿದ್ದ ಈ ದೇವಿಯ ಮುಂದೆ ತಪ್ಪೊಪ್ಪಿಕೊಳ್ಳಲು. ಎಂಟು ದಿನದಿಂದ ದಿನಾ ಹೊರಡುತ್ತಿದ್ದ, ದಿನಾ ಯಾವುದಾದರೊಂದು ರಿಪೇರಿ ಅಡ್ಡ ಬರುತ್ತಿತ್ತು. ಅಡ್ಡ ಬರಲಿ ಎಂದು ಇವನೇ ಕಾಯುತ್ತಿದ್ದ ಎಂದರೂ ಸುಳ್ಳಲ್ಲ.

ಜಗಲಿಯಲ್ಲಿ ದೇವಿಯನ್ನು ಮಲಗಿಸಿದ್ದರು. ಗಂಡ ಕೆರಿಯ ಕಂಬಕ್ಕೆ ಒರಗಿ ಕೂತಿದ್ದ. ಮುತ್ತೈದೆ ಸಾವೆಂದು ಹೆಂಗಸರು ಹಸಿರು ಬಳೆ ತೊಡಿಸಿ ಅರಿಶಿನ ಹಚ್ಚುತ್ತಿದ್ದರು. ಸುತ್ತಲಿನ ಮದುಮಕ್ಕಳ ರವಿಕೆಗೆಲ್ಲ ಬಳ್ಳಿ, ನವಿಲು, ಮಾವಿನಕಾಯಿ ತುಂಬಿಕೊಟ್ಟವಳು ಅವಳು. ಮೂಲೆಯಲ್ಲಿ ಅವಳ ಕಸೂತಿ ಯಂತ್ರಕ್ಕೆ ಯಾರೋ ಬಟ್ಟೆ ಹೊದಿಸಿದ್ದರು.

"ನನ್ನ ಮದ್ವೆ ರವಿಕೆ ಹಾಕಿಕೊಟ್ಟಿದ್ದು ಇದೇ ಕೈ," ಎಂದಳು ನೆರೆಮನೆಯ ಹೊನ್ನಿ, ಬಳೆ ಸರಿಸುತ್ತ. "ತನ್ನ ಮಗಳು ಕಾವ್ಯನ ರವಿಕೆಗೆ ಮಾತ್ರ ಯಾರಿಗೂ ಹಾಕದ ನಮೂನೆ ಇಟ್ಟಿದೀನಿ ಅಂತಿತ್ತು. ಮಾಘದಲ್ಲಿ ಮದ್ವೆ. ಅದನ್ನಾದ್ರೂ ನೋಡಿ ಹೋಗ್ಬಾರದಾಗಿತ್ತಾ?"

ರಘುಪತಿ ಜಗಲಿಯ ಅಂಚಿಗೆ ಸರಿದು ನಿಂತ.

*

ಆ ಯಂತ್ರ ತೊಂಬತ್ತೆಂಟನೇ ಇಸವಿಯದು, ಫ್ಲಾಪಿ ನುಂಗಿದರೇ ಹೊಲಿಯುವ ಜಾತಿ. ಹತ್ತು ವರ್ಷದಲ್ಲಿ ದೇವಿ ಫ್ಲಾಪಿಗೊಂದು ನಮೂನೆಯಂತೆ ನಲವತ್ತು ಫ್ಲಾಪಿ ತುಂಬಿಸಿದ್ದಳು. ನಮ್ಮ ಕಡೆಯ ಥಂಡಿಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಫ್ಲಾಪಿಯನ್ನು ಬಿಟ್ಟೀತೇ? ಪೇಟೆಯಲ್ಲಿ ಹೊಸ ಫ್ಲಾಪಿಯೂ ಸಿಗದಾದಾಗ ರಘುಪತಿ ಎಲ್ಲಿಂದಲೋ ಒಂದು ಪೆಟ್ಟಿಗೆ ತರಿಸಿದ. ಫ್ಲಾಪಿಯ ಜಾಗದಲ್ಲಿ ಅದನ್ನು ಕೂರಿಸಿ ಪೆನ್‌ಡ್ರೈವ್ ಚುಚ್ಚಿದರೆ, ಯಂತ್ರ ಅದನ್ನೇ ಫ್ಲಾಪಿ ಎಂದು ನಂಬುತ್ತಿತ್ತು. ಒಂದು ಪೆನ್‌ಡ್ರೈವಿನಲ್ಲಿ ನೂರು ಮನೆ. ಒಂದೊಂದು ಮನೆಯೂ ಒಂದೊಂದು ಫ್ಲಾಪಿ.

"ನಲವತ್ತನೇದು ಜ್ವಾಪಾನ ಹೆಗಡೇರೆ," ಎಂದು ಫ್ಲಾಪಿಗಳನ್ನು ಕೊಡುವಾಗ ದೇವಿ ಏದುಸಿರು ಬಿಡುತ್ತಲೇ ಹೇಳಿದ್ದಳು. "ಕಾಗದದ ಮೇಲೆ ಬರ್ದಿಲ್ಲ. ಒಂದೊಂದೇ ಎಸಳು ಯಂತ್ರದಲ್ಲೇ ಜೋಡ್ಸಿದೀನಿ. ಕಾವ್ಯಗೂ ತೋರ್ಸಿಲ್ಲ." ಯಂತ್ರದ ಅಂಗೈ ಅಗಲದ ಪರದೆಯಲ್ಲಿ ಅವನೊಬ್ಬನಿಗೆ ತೋರಿಸಿ ನಕ್ಕಿದ್ದಳು.

ಬೂಷ್ಟು ಹಿಡಿದ ಫ್ಲಾಪಿಗಳು ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಒಂದು ಸಲ ಓದಿಸಿಕೊಂಡು, ಎರಡನೇ ಸಲಕ್ಕೆ ಕೈ ಎತ್ತಿದವು. ಎತ್ತಲಿ, ಎಲ್ಲ ಪೆನ್‌ಡ್ರೈವಿಗೆ ಬಂದಿತ್ತಲ್ಲ! "ಎಲ್ಲಾ ಬಂತು ದೇವಕ್ಕ," ಎಂದು ಫೋನಿನಲ್ಲಿ ಹೇಳಿಯೂ ಬಿಟ್ಟ. ಆಮೇಲೆ, ಇನ್ನೊಮ್ಮೆ ನೋಡಿಬಿಡೋಣ ಎಂದು ಪೆನ್‌ಡ್ರೈವನ್ನು ಹೊಸ ಕಂಪ್ಯೂಟರಿಗೆ ಚುಚ್ಚಿದ. ಆ ನೂರು ಮನೆಯ ವ್ಯವಸ್ಥೆ ಕಂಪ್ಯೂಟರಿಗೆ ಅರ್ಥವಾಗಲಿಲ್ಲ. ಇದು ಫಾರ್ಮ್ಯಾಟ್ ಆಗಿಲ್ಲ, ಮಾಡಲೇ ಎಂದು ಕೇಳಿತು. ರಘುಪತಿ ಅಭ್ಯಾಸಬಲದಿಂದ ಹೂಂ ಎಂದು ಒತ್ತಿದ. ಅದು ಪೂರ್ತಿ ಒರೆಸಿಹಾಕಿತು.

"ಥೋ, ಎಂತ ಆಗೋತು!" ಎಂದು ತಲೆ ಚಚ್ಚಿಕೊಂಡದ್ದು ಆಮೇಲೆ.

*

ದೇವಿಯ ಮಗಳು ಕಾವ್ಯಶ್ರೀ ಅವನಿದ್ದಲ್ಲಿಗೇ ಬಂದಳು. "ಹೆಗಡೇರು ಎಲ್ಲಾ ಉಳಿಸಿಕೊಟ್ರು ಅಂತ ಅವ್ವ ನಿನ್ನೆನೂ ಹೇಳ್ತಿತ್ತು. ತಂದಿದೀರಾ?"

ರಘುಪತಿ ಇನ್ನೂ ನಾಲ್ಕು ದಿನ ಬೇಕು ಎಂದುಬಿಟ್ಟಿದ್ದರೆ ಈ ಸಾವಿನ ಮನೆಯಲ್ಲಿ ಯಾರೂ ಕೆದಕುತ್ತಿರಲಿಲ್ಲ.

"ಇಲ್ಲ ತಂಗಿ. ನನ್ನ ಕೈಯಿಂದ್ಲೇ ಅಳಿಸಿಹೋಯ್ತು, ನಲವತ್ತೂ. ದೇವಕ್ಕಂಗೆ ಹೇಳ್ಬೇಕು ಅಂತ್ಲೇ ಬಂದೆ."

ಅವಳು ಅಳಲಿಲ್ಲ, ಬೆಳಗಿನಿಂದ ಅತ್ತು ಮುಗಿದಿತ್ತು. ಅವನ ಮುಖವನ್ನೇ ನೋಡಿದಳು. "ನನ್ನ ರವಿಕೆದು ನೀವು ಕಂಡಿದೀರಲ್ಲ? ಹೆಂಗಿತ್ತು?"

"ಬಳ್ಳಿ... ಇಲ್ಲಿಂದ ಹಿಂಗೆ ಬಂದು, ಮೇಲೆ ಒಂದು ಹೂ..." ಮಾತು ಸಾಲಲಿಲ್ಲ.

ಕಾವ್ಯಶ್ರೀ ಒಳಗಿನಿಂದ ಬಟ್ಟೆಗೆ ಗೀಟೆಳೆಯುವ ಸೀಮೆಸುಣ್ಣ ತಂದು ಅವನ ಕೈಗಿಟ್ಟಳು.

ಚಟ್ಟ ಕಟ್ಟಿ ಮುಗಿದಿತ್ತು. "ಎತ್ತೋಣ್ವಾ?" ಎಂದು ಮಂಜ ಅಂಗಳದಿಂದ ಕೂಗಿದ.

"ಚೂರು ತಡೀರಿ," ಎಂದಳು ಕಾವ್ಯಶ್ರೀ. ಕೆರಿಯನೂ ಎದ್ದು ಬಂದು ನಿಂತ.

ರಘುಪತಿ ದೇವಿಯ ಪಕ್ಕದಲ್ಲೇ ಮೊಣಕಾಲೂರಿ ಕೆಂಪು ನೆಲದ ಮೇಲೆ ಬರೆಯತೊಡಗಿದ. ಕಣ್ಣು ಮುಚ್ಚಿದರೆ ಆ ಬಳ್ಳಿ ಅಷ್ಟೂ ಕಾಣುತ್ತಿತ್ತು. ಆದರೆ ಜೀವಮಾನವೆಲ್ಲ ರೇಡಿಯೊಗಳ ನೇರಗೆರೆಯ ಸರ್ಕ್ಯೂಟ್ ನಕ್ಷೆ ಬರೆದ ಕೈ ಅದು. ಒರೆಸಿ ಒರೆಸಿ ಬರೆದರೂ, ಬಳ್ಳಿ ಪ್ರತಿ ತಿರುವಿನಲ್ಲೂ ಗೋಡೆಯ ಮೂಲೆಯಂತೆ ಚೌಕವಾಗಿಯೇ ತಿರುಗುತ್ತಿತ್ತು.