ಒದ್ದೆಯಾಗಬಾರದ ಚಪ್ಪಲಿ

ನಾವುಂದದ ಜಲಜ ಬೈಂದೂರು ಪೇಟೆಯಲ್ಲಿ ಮೀನು ಮಾರುವವಳು. ಶುಗರಿನಿಂದ ಎಡಗಾಲಿನ ಎರಡು ಬೆರಳು ಹೋಗಿದ್ದವು. ಆ ಕಾರಣಕ್ಕೇ ಕುಂದಾಪುರದ ಒಂದು ಆಸ್ಪತ್ರೆಯವರು ಅವಳನ್ನು ಸಭೆಗೆ ಕರೆದರು. ಶುಗರ್ ಇದ್ದವರ ಕಾಲಿಗೆ ಹುಣ್ಣಾಗದಂತೆ ಮಾಡಿದ ಹೊಸ ಚಪ್ಪಲಿಯ ಸಂಶೋಧನೆ. ಅದು ಹೇಗಿರಬೇಕೆಂದು ರೋಗಿಗಳೇ ಹೇಳಬೇಕಂತೆ.

ಜಲಜ ಚಪ್ಪಲಿಯನ್ನು ಅಮುಕಿ ನೋಡಿದಳು. ಸ್ಪಂಜು.

"ಡಾಕ್ಟ್ರೇ, ನಾವ್ ಇಡೀ ದಿನ ಐಸ್ ನೀರಂಗೇ ನಿಂತ್ಕಂಬುದ್. ಇದ್ ನೀರ್ ಕುಡ್ದ್ರೆ ಒಣ್ಗುದಿಲ್ಲೆ. ಕಾಲ್ ಕೊಳಿತ್ತ್ ಕಾಣಿ."

"ಇದು ನಮಗೆ ಹೊಳೆದೇ ಇರಲಿಲ್ಲ ಜಲಜಕ್ಕ," ಎಂದು ಡಾಕ್ಟರ್ ವಿಜೇತಾ ಎಲ್ಲವನ್ನೂ ಬರೆದುಕೊಂಡಳು. ಡಾಕ್ಟರು ಹೇಳಿದ್ದನ್ನು ಕೇಳಿಯೇ ಗೊತ್ತಿದ್ದ ಜಲಜಳಿಗೆ, ತಾನು ಹೇಳಿ ಅವರು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದಳು.

ನಾಲ್ಕು ತಿಂಗಳಿಗೆ ಚಪ್ಪಲಿ ಬಂತು. ಅದೇ ಸ್ಪಂಜು. ಜೊತೆಗಿನ ಕರಪತ್ರದಲ್ಲಿ 'ರೋಗಿಗಳ ಪ್ರತಿನಿಧಿ: ಜಲಜ, ನಾವುಂದ' ಎಂದು ಅಚ್ಚಾಗಿತ್ತು. ಜಲಜ ಫೋನ್ ಮಾಡಿದಳು.

"ನಿಮ್ಮನ್ನು ಕರೆಯುವ ಮೊದಲೇ ಈ ಚಪ್ಪಲಿಗೆ ಕಮಿಟಿಯ ಒಪ್ಪಿಗೆ ಆಗಿತ್ತು. ಬದಲಾಯಿಸಿ ಅಂತ ಮೇಲಿನವರಿಗೆ ಹೇಳಿ ಹೇಳಿ ಸಾಕಾಯಿತು," ವಿಜೇತಾಳ ದನಿ ಸೋತಿತ್ತು.

"ಹಾಂಗಾರೆ ನನ್ನ್ ಹತ್ರ ಕೇಂಡದ್ ಎಂತಕ್ಕೆ?"

ಜಲಜ ಕರಪತ್ರವನ್ನು ಮತ್ತೊಮ್ಮೆ ನೋಡಿದಳು.

"ನನ್ನ್ ಹೆಸ್ರಾದ್ರೂ ತೆಗ್ದ್ ಹಾಕಿ."

"ಹಂಚಿ ಆಗಿದೆ ಜಲಜಕ್ಕ."

ಪೇಟೆಯಲ್ಲಿ ಪಕ್ಕದಲ್ಲೇ ಕೂತು ಮೀನು ಮಾರುವ ಕಮಲ ಆಗಲೇ ಆ ಚಪ್ಪಲಿ ಮೆಟ್ಟಿದ್ದಳು. ಅವಳಿಗೂ ಶುಗರ್.

"ಅದನ್ನ್ ಬಿಚ್ಚ್ ಕಮಲ."

"ಎಂತಕ್ಕೆ? ನಿನ್ನ್ ಹೆಸ್ರ್ ಕಂಡೇ ನಾ ಆಸ್ಪತ್ರೆ ಕಾಗ್ದಕ್ಕೆ ಸೈನ್ ಹಾಕಿದ್ದ್ ಮಾರಾಯ್ತಿ. ಎಷ್ಟ್ ಮೆತ್ತಗಿತ್ತ್!"

ಜಲಜ ನಡೆದದ್ದನ್ನೆಲ್ಲ ಹೇಳಿದಳು. ಕಮಲ ನಕ್ಕು, ಚಪ್ಪಲಿ ಬಿಚ್ಚದೆ ಬಂಗುಡೆ ಎಣಿಸತೊಡಗಿದಳು. ಜಲಜ ದಿನಾ ಮಧ್ಯಾಹ್ನ ಅವಳ ಚಪ್ಪಲಿಯನ್ನು ಹಿಂಡಿ ಬಿಸಿಲಿಗಿಟ್ಟಳು. ಮೂರನೇ ವಾರ ಕಮಲಳ ಬೆರಳ ಸಂದು ಬೆಳ್ಳಗೆ ಬೆಂದ ಹಾಗಾಯಿತು. ಕಾಲು ಜೋಮು ಹಿಡಿದಿದ್ದರಿಂದ ನೋವೇ ತಿಳಿಯಲಿಲ್ಲ. ಕೊನೆಗೆ ಕಿರುಬೆರಳನ್ನು ತೆಗೆಯಬೇಕಾಯಿತು.

ಆಸ್ಪತ್ರೆಯ ವರಾಂಡದಲ್ಲಿ ಜಲಜ ವಿಜೇತಾಳನ್ನು ತಡೆದು ನಿಲ್ಲಿಸಿದಳು. "ಮತ್ತ್ ಯಾರ್ಯಾರಿಗೆ ಕೊಟ್ಟಿದ್ರಿ? ಮನೆ ಹೇಳಿ, ನಾನೇ ಹೋಯಿ ಹೇಳಿ ಬತ್ತೆ."

"ಹೆಸರು ಕೊಡುವ ಹಾಗಿಲ್ಲ. ರೋಗಿಗಳ ಗುಟ್ಟು ಕಾಯಬೇಕು, ಅದು ನಿಯಮ. ಕಮಲಕ್ಕನದ್ದನ್ನು ವರದಿಯಲ್ಲಿ ಬರೆದಿದ್ದೇನೆ. ಮುಂದಿನ ತಿಂಗಳು ಕಮಿಟಿ ನೋಡುತ್ತದೆ." ಹೇಳುವಾಗ ವಿಜೇತಾ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಇಳಿದ ಹೆಂಗಸರ ಕಾಲನ್ನೇ ಜಲಜ ನೋಡುತ್ತ ನಿಂತಳು.